ಮನೆ ಸ್ಟುಡಿಯೋಗೆ ಮಾನಿಟರ್ ಕಂಟ್ರೋಲರ್: ಕೊಳ್ಳುವ ಮುನ್ನ ಗುಂಡಿ ತಿರುಗಿಸಿ ನೋಡಿ

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆಯ ಹತ್ತಡಿ ಕೋಣೆಯೇ ಸ್ಟುಡಿಯೋ. ವಚನ, ತತ್ವಪದ, ಭಾವಗೀತೆ ಹಾಡುವವರು ಹಗಲು ಬಂದು ಹಾಡಿ ಹೋಗುತ್ತಾರೆ. ರೆಕಾರ್ಡ್ ಆದ ದನಿಗಳನ್ನು ಹೊಂದಿಸುವ ಮಿಕ್ಸಿಂಗ್ ಮಾತ್ರ ರಾತ್ರಿ, ಅಕ್ಕಪಕ್ಕದವರು ಮಲಗಿದ ಮೇಲೆ. ಹಾಗಾಗಿ ಸಣ್ಣ ದನಿಯಲ್ಲಿ ಕೇಳಿಯೇ ಎಲ್ಲ ತೀರ್ಮಾನ ಮಾಡಬೇಕು. ಸ್ಪೀಕರ್‌ಗಳ ದನಿ ಏರಿಳಿಸುವ, ಒಂದು ಜೋಡಿಯಿಂದ ಇನ್ನೊಂದಕ್ಕೆ ಬದಲಿಸುವ ಪೆಟ್ಟಿಗೆಯಾದ ಮಾನಿಟರ್ ಕಂಟ್ರೋಲರ್ ಆರಿಸುವಾಗಲೂ ನಾನು ಮೊದಲು ನೋಡುವುದು ಅದನ್ನೇ: ದನಿ ತಗ್ಗಿಸಿದಾಗ ಎಡ-ಬಲ ಸಮ ಇರುತ್ತದೆಯೇ?

ಅದಕ್ಕೂ ಮುಂಚೆ, ನಿಮಗೆ ಇದು ಬೇಕೇ ಎಂದು ಯೋಚಿಸಿ. ಒಂದೇ ಜೋಡಿ ಸ್ಪೀಕರ್ ಇದ್ದು, ಕಂಪ್ಯೂಟರ್‌ಗೆ ಮೈಕ್, ಸ್ಪೀಕರ್ ಜೋಡಿಸುವ ಇಂಟರ್‌ಫೇಸ್‌ನ ವಾಲ್ಯೂಮ್ ಗುಂಡಿ ಕೈಗೆ ಸಿಗುವಂತಿದ್ದರೆ ಆ ದುಡ್ಡಲ್ಲಿ ಗೋಡೆಗೆ ಪ್ರತಿಧ್ವನಿ ತಗ್ಗಿಸುವ ಗ್ಲಾಸ್‌ವುಲ್ ಪ್ಯಾನೆಲ್ ಹಾಕಿಸಿ. ಎರಡು ಜೋಡಿ ಸ್ಪೀಕರ್ ಬದಲಿಸಿ ಕೇಳಬೇಕೆಂದರೆ ಮಾತ್ರ ಮುಂದೆ ಓದಿ.

ಇದರಲ್ಲಿ ಎರಡು ಬಗೆ: ಪ್ಯಾಸಿವ್ ಮತ್ತು ಕರೆಂಟಿನಿಂದ ನಡೆಯುವ ಆಕ್ಟಿವ್. ಪ್ಯಾಸಿವ್‌ಗೆ ಕರೆಂಟ್ ಬೇಡ, ತನ್ನದೇ ಗುಂಯ್‌ಗುಡುವಿಕೆ ಇಲ್ಲ. ಮ್ಯಾಕಿಯ ಬಿಗ್ ನಾಬ್ ಪ್ಯಾಸಿವ್ ಈ ಜಾತಿಯದು. ಆದರೆ ಅಲ್ಲಿಂದ ಸ್ಪೀಕರ್‌ಗೆ ಹೋಗುವ ಕೇಬಲ್ ಎರಡು-ಮೂರು ಮೀಟರ್ ಒಳಗಿರಲಿ. ಉದ್ದವಾದಷ್ಟೂ ಮೇಲಿನ ಫ್ರೀಕ್ವೆನ್ಸಿಗಳು ಮಂಕಾಗುತ್ತವೆ. ಹಾಡುವವರು ಇನ್ನೊಂದು ಕೋಣೆಯಲ್ಲಿದ್ದು, ಅವರೊಡನೆ ಮಾತಾಡಲು ಟಾಕ್‌ಬ್ಯಾಕ್ ಮೈಕ್, ಹೆಡ್‌ಫೋನ್ ಬೇಕಾದರೆ ಪ್ರಿಸೋನಸ್ ಮಾನಿಟರ್ ಸ್ಟೇಷನ್ ತರಹದ ಆಕ್ಟಿವ್ ತೆಗೆದುಕೊಳ್ಳಿ. ಒಬ್ಬರೇ ಕೂತು ಮಿಕ್ಸ್ ಮಾಡುವವರಿಗೆ ನನ್ನ ಆಯ್ಕೆ ಪ್ಯಾಸಿವ್.

ಈಗ ಪರೀಕ್ಷೆ. ಒಬ್ಬರೇ ಹಾಡಿದ ಮೋನೋ, ಅಂದರೆ ಎಡ-ಬಲ ಎರಡರಲ್ಲೂ ಒಂದೇ ಆಗಿರುವ ದನಿಯೊಂದನ್ನು ಹಾಕಿ, ಎರಡು ಸ್ಪೀಕರ್‌ಗಳ ಸರಿ ನಡುವೆ ಕೂತು ಕಣ್ಣು ಮುಚ್ಚಿ. ಹಾಡುವವರು ಎದುರಿಗೇ ನಿಂತಂತೆ ಕೇಳಬೇಕು. ಗುಂಡಿಯನ್ನು ಗಡಿಯಾರದ ಹನ್ನೆರಡರ ಜಾಗದಿಂದ ಎಂಟರ ಕಡೆಗೆ ನಿಧಾನಕ್ಕೆ ಇಳಿಸಿ. ಅಗ್ಗದ ಪೆಟ್ಟಿಗೆಗಳಲ್ಲಿ ಒಂಬತ್ತು ದಾಟುತ್ತಿದ್ದಂತೆ ದನಿ ಮೆಲ್ಲಗೆ ಒಂದು ಪಕ್ಕಕ್ಕೆ ಸರಿಯುತ್ತದೆ. ಒಂದೇ ಗುಂಡಿಯ ಕೆಳಗೆ ಎಡಕ್ಕೊಂದು ಬಲಕ್ಕೊಂದು ದನಿ ಏರಿಳಿಸುವ ಪೊಟೆನ್ಷಿಯೋಮೀಟರ್ ಪಟ್ಟಿ ಇರುತ್ತವೆ. ತುದಿಯಲ್ಲಿ ಅವೆರಡೂ ಹೊಂದುವುದಿಲ್ಲ. ಹಾಗೆ ಜಾರಿದ ದನಿ ಕೇಳಿ ಪ್ಯಾನಿಂಗ್ (ದನಿಗಳನ್ನು ಎಡ-ಬಲಕ್ಕೆ ಹಂಚುವುದು) ಮಾಡಿದರೆ ಇಡೀ ಹಾಡೇ ವಾಲುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ತಿರುಗುವ ಸ್ಟೆಪ್ಡ್ ಅಟೆನ್ಯುಯೇಟರ್‌ನಲ್ಲಿ ಈ ತೊಂದರೆ ತೀರಾ ಕಡಿಮೆ, ಬೆಲೆ ಮಾತ್ರ ಜಾಸ್ತಿ. ಈಗಾಗಲೇ ಕೊಂಡಿದ್ದರೆ ಸ್ಪೀಕರ್ ಹಿಂಭಾಗದಲ್ಲಿರುವ ಗೇನ್, ಅಂದರೆ ದನಿಯ ಮಟ್ಟದ ಗುಂಡಿ ಇಳಿಸಿ. ಆಗ ಅದೇ ಸಣ್ಣ ದನಿಗೆ ಗುಂಡಿ ಮೇಲಿನ ಅರ್ಧದಲ್ಲೇ ನಿಲ್ಲುತ್ತದೆ. ನಾನು ಹಾಗೇ ಮಾಡಿಕೊಂಡಿದ್ದೇನೆ.

ಎಡ-ಬಲ ಎರಡನ್ನೂ ಕೂಡಿಸಿ ಕೇಳಿಸುವ ಮೋನೋ ಬಟನ್ ಇಲ್ಲದ್ದನ್ನು ಕೊಳ್ಳಲೇಬೇಡಿ. ಎರಡು ಮೈಕಿಟ್ಟು ರೆಕಾರ್ಡ್ ಮಾಡಿದ ತಬಲಾ ಮೋನೋದಲ್ಲಿ ತೆಳ್ಳಗಾದರೆ ಫೇಸ್ ತಪ್ಪಿದೆ, ಅಂದರೆ ಎರಡು ಮೈಕಿನ ಅಲೆಗಳು ಒಂದನ್ನೊಂದು ಅಳಿಸುತ್ತಿವೆ ಎಂದೇ ಲೆಕ್ಕ. ದನಿಯನ್ನು ಒಮ್ಮೆಗೇ ತಗ್ಗಿಸುವ ಡಿಮ್, ಪೂರ್ತಿ ನಿಲ್ಲಿಸುವ ಮ್ಯೂಟ್ ಇದ್ದರೆ ಒಳ್ಳೆಯದು. ಕೇಬಲ್‌ಗಳೆಲ್ಲ ಹೊರಗಿನ ಗದ್ದಲ ತಡೆಯುವ ಬ್ಯಾಲೆನ್ಸ್ಡ್ ಬಗೆಯವೇ ಇರಲಿ.

ದನಿ ತಗ್ಗಿದಂತೆ ಕಿವಿಗೆ ಬೇಸ್ ಕಡಿಮೆ ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಅದಕ್ಕೇ ಹಗಲಲ್ಲಿ ಒಮ್ಮೆ ಪಿಂಕ್ ನಾಯ್ಸ್ (ಅಳತೆಗೆ ಬಳಸುವ ಸರ್ರೆನ್ನುವ ಸದ್ದು) ಹಾಕಿ, ಕೂರುವ ಜಾಗದಲ್ಲಿ ಸುಮಾರು 75 ಡೆಸಿಬಲ್ ಬರುವಲ್ಲಿ ಗುಂಡಿಯ ಪಕ್ಕ ಬಿಳಿ ಟೇಪಿನ ಚೂರು ಅಂಟಿಸಿ. ರಾತ್ರಿ ಹೊಂದಿಸಿದ ಬೇಸನ್ನು, ಬೆಳಿಗ್ಗೆ ಗುಂಡಿಯನ್ನು ಆ ಗುರುತಿಗೆ ತಂದು ಮತ್ತೆ ಕೇಳಿ.

ಸ್ಪೀಕರ್ ಕೊನೆಗೆ ಆನ್, ಮೊದಲು ಆಫ್. ಕರೆಂಟ್ ಹೋದರೆ ಮೊದಲು ಸ್ಪೀಕರ್ ಸ್ವಿಚ್ ಆರಿಸಿ, ಆಮೇಲೆ ಮೇಣದಬತ್ತಿ ಹುಡುಕಿ.