ನುಣುಪು ಪೈಪಿನೊಳಗೆ ನಿಂತ ನೀರು

ಅಫಜಲಪುರ ತಾಲ್ಲೂಕಿನಲ್ಲಿ ನಮ್ಮ ಹೊಲ ಭೀಮಾ ದಂಡೆಯಿಂದ 600 ಮೀಟರು ದೂರ, 12 ಮೀಟರು ಏರು. ಎರಡು ಇಂಚಿನ ಪಿವಿಸಿ ಪೈಪು ಹೂತು 3 ಎಚ್‌ಪಿ ಮೋಟಾರು ಕೂಡಿಸಿದ್ದೆ. ಹೊಲದಲ್ಲಿ 200 ಲೀಟರಿನ ಡ್ರಮ್ ತುಂಬಲು 65 ಸೆಕೆಂಡು ಬೇಕಾಗುತ್ತಿತ್ತು. ಕಬ್ಬಿಗೆ ಅದು ಎಲ್ಲಿ ಸಾಲಬೇಕು?

"ಲೇ ತಮ್ಮಾ, ದೊಡ್ಡ ಮೋಟ್ರ ಕೂಡ್ಸು, ನೀರ ತಾನ ಓಡಿ ಬರ್ತದ" ಅಂದರು ಕಾಕಾ. ಸಾಲ ಮಾಡಿ 5 ಎಚ್‌ಪಿ ತಂದೆ. ಡ್ರಮ್ 50 ಸೆಕೆಂಡಿಗೆ ತುಂಬಿತು, ಅಷ್ಟೇ. ಮೂರನೇ ದಿನ ನಡುವಿನ ಜಾಯಿಂಟ್ ಕಿತ್ತು ಪಕ್ಕದವರ ತೊಗರಿಯೆಲ್ಲ ಕೆಸರಾಯಿತು. ಬೈಗುಳ ತಿಂದದ್ದು ನಾನೇ.

ಆಮೇಲೆ ಬುದ್ಧಿ ಬಂದು ಮೋಟಾರಿನ ಬಾಯಿಗೆ ಪ್ರೆಶರ್ ಗೇಜ್ ಹಾಕಿದೆ. ಮೋಟಾರು ನಿಲ್ಲಿಸಿ, ಪೈಪು ತುಂಬಿದ್ದಾಗ ನೋಡಿದರೆ ಒತ್ತಡ ಚದರ ಸೆಂಟಿಮೀಟರಿಗೆ 1.2 ಕೆಜಿ. ಹತ್ತು ಮೀಟರು ನೀರಿನ ಎತ್ತರಕ್ಕೆ ಒಂದು ಕೆಜಿ, ಅಂದರೆ ಅದು 12 ಮೀಟರು ಏರಿನ ಲೆಕ್ಕ, ಸರಿಯಾಗಿತ್ತು. ಮೋಟಾರು ಹಾಕಿದೊಡನೆ 3.5. ನಡುವಿನ 2.3 ಕೆಜಿ ಪೈಪಿನ ದಾರಿಯಲ್ಲೇ ಕರಗಿ ಹೋಗುತ್ತಿತ್ತು!

ಫಿಟ್ಟರ್ ನಂಬಲಿಲ್ಲ. "ಕೈ ಹಾಕಿ ನೋಡ್ರಿ, ಗಾಜಿನಂಗ ನುಣ್ಣಗದ. ತಿಕ್ಕಾಟ ಎಲ್ಲಿಂದ ಬರ್ತದ್ರೀ?" ನನಗೂ ಅದೇ ಅನುಮಾನ. ಡಿಪ್ಲೊಮಾದಲ್ಲಿ ಓದಿದ್ದು ಪರೀಕ್ಷೆಗಷ್ಟೇ ಉಳಿದಿತ್ತು.

ಗೌಂಡಿಗಳ ಲೆವೆಲ್ ಪೈಪು ತಂದು ನೀರು ನಿಧಾನಕ್ಕೆ ಬಿಟ್ಟೆ, ಸೂಜಿಯಿಂದ ನಡುವೆ ನೀಲಿ ಶಾಯಿ ಹಾಕಿದೆ. ನೂಲಿನಂಥ ಗೆರೆಯೊಂದು ನೇರ ಓಡಿತು. ನಲ್ಲಿ ಇನ್ನಷ್ಟು ತಿರುವಿದರೆ ಗೆರೆ ತೊನೆಯಿತು, ಆಮೇಲೆ ಚೂರಾಗಿ ಇಡೀ ಪೈಪು ನೀಲಿ. 1883ರಲ್ಲಿ ವಿಜ್ಞಾನಿ ಆಸ್ಬೋರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯಲ್ಲಿ ತೋರಿಸಿದ್ದು ಇದೇ ಆಟ. ಆದರೆ ನನ್ನ ಕಣ್ಣು ನಿಂತದ್ದು ಬೇರೆ ಕಡೆ. ನೀರು ನಿಧಾನ ಮಾಡಿ ಶಾಯಿ ನಿಲ್ಲಿಸಿದೆ. ನಡುವಿನ ಬಣ್ಣ ತಟ್ಟನೆ ತೊಳೆದು ಹೋಯಿತು, ಗೋಡೆಯ ಬದಿಯದು ಮಾತ್ರ ಬಹಳ ಹೊತ್ತು ಅಲ್ಲೇ ಕೂತಿತ್ತು.

ನೀರು ಪೈಪಿನ ಮೇಲೆ ಜಾರುವುದೇ ಇಲ್ಲ. ಗೋಡೆಗೆ ಹತ್ತಿದ ಪದರ ನಿಂತಿರುತ್ತದೆ, ಅದರ ಮೇಲಿನದು ತುಸು ಸರಿಯುತ್ತದೆ, ಅದಕ್ಕೂ ಮೇಲಿನದು ಇನ್ನಷ್ಟು. ತಿಕ್ಕಾಟ ನೀರಿಗೂ ನೀರಿಗೂ. ಪೈಪು ಎಷ್ಟು ನುಣುಪಾದರೂ ಇದು ತಪ್ಪದು. ಗೋಡೆಗೆ ಅಂಟಿದ ಈ ನಿಧಾನದ ಪದರವನ್ನು ಜರ್ಮನಿಯ ವಿಜ್ಞಾನಿ ಲುಡ್ವಿಗ್ ಪ್ರಾಂಟ್ಲ್ 1904ರಲ್ಲಿ ಬಿಡಿಸಿ ಹೇಳಿದ. (ನಂಬಿಕೆ ಬರದಿದ್ದರೆ ಮನೆಯ ಫ್ಯಾನಿನ ರೆಕ್ಕೆ ನೋಡಿ. ಬೇಸಿಗೆಯಿಡೀ ಗರಗರ ತಿರುಗಿದರೂ ಅದರ ಮೇಲಿನ ಸಣ್ಣ ಧೂಳು ಹಾರುವುದಿಲ್ಲ. ರೆಕ್ಕೆಗೆ ತಗುಲಿದ ಗಾಳಿ ರೆಕ್ಕೆಯ ಜೊತೆಗೇ ಸುತ್ತುತ್ತದೆ.)

ಇದು ತಿಳಿದ ಮೇಲೆ ಲೆಕ್ಕ ಸುಲಭ. ನೀರಿನ ಪ್ರಮಾಣ ಎರಡು ಪಟ್ಟಾದರೆ ಒತ್ತಡದ ನಷ್ಟ ಹತ್ತಿರ ಹತ್ತಿರ ನಾಲ್ಕು ಪಟ್ಟು. ನನ್ನ ದೊಡ್ಡ ಮೋಟಾರು ಸೋತದ್ದು ಇಲ್ಲೇ. ಪೈಪಿನ ವ್ಯಾಸ ಹೆಚ್ಚಿಸಿದರೆ ಲಾಭ ಐದನೇ ಘಾತದ್ದು, ಅಂದರೆ ವ್ಯಾಸ ಎಷ್ಟು ಪಟ್ಟಾಯಿತೋ ಆ ಸಂಖ್ಯೆಯನ್ನು ಐದು ಸಲ ಇಟ್ಟು ಗುಣಿಸಿದಷ್ಟು. ನಮ್ಮ ಎರಡು ಇಂಚಿನ ಪೈಪು (ಹೊರ ಅಳತೆ 63 ಮಿ.ಮೀ.) ತೆಗೆದು ಮೂರು ಇಂಚಿನದು (90 ಮಿ.ಮೀ.) ಹಾಕಿದರೆ ಅಷ್ಟೇ ನೀರಿಗೆ ನಷ್ಟ ಸುಮಾರು ಆರನೇ ಒಂದು ಪಾಲಿಗೆ ಇಳಿಯುತ್ತದೆ.

ಎರೆ ನೆಲ ಬಿರುಕು ಬಿಟ್ಟಿದ್ದ ಬೇಸಿಗೆಯಲ್ಲಿ ಮತ್ತೆ ತಗ್ಗು ತೋಡಿಸಿ ಮೂರು ಇಂಚಿನ ಪೈಪು ಹಾಕಿದೆ. ಹಳೆಯ 3 ಎಚ್‌ಪಿಯನ್ನೇ ಜೋಡಿಸಿದೆ. ಡ್ರಮ್ ತುಂಬಲು 40 ಸೆಕೆಂಡು. ಗೇಜ್ 1.8ರ ಆಸುಪಾಸು.

ಕಾಕಾ ಡ್ರಮ್ಮಿನ ಬಳಿ ನಿಂತು ಎರಡು ಸಲ ತುಂಬಿಸಿ ನೋಡಿದರು. "ಮೋಟ್ರ ಸಣ್ಣದಾಯ್ತು, ನೀರ ದೊಡ್ಡದಾಯ್ತು, ಇದೇನ್ ಮಾಟಲೇ?" ಅಂದರು. ಆ 5 ಎಚ್‌ಪಿಗೆ ಇನ್ನೂ ಗಿರಾಕಿ ಸಿಕ್ಕಿಲ್ಲ.