ಖಣದ ಚೂರು, ಉಳ್ಳಾಗಡ್ಡಿ ಸಿಪ್ಪೆ: ಪುಟಾಣಿಗಳ ಕೊಲಾಜ್

ಬಾಗಲಕೋಟೆ ಕಡೆಯವರು ಕೊಲಾಜ್ (ಚೂರುಗಳನ್ನು ಅಂಟಿಸಿ ಮಾಡುವ ಚಿತ್ರ) ಸಾಮಾನಿಗೆಂದು ದುಡ್ಡು ಖರ್ಚು ಮಾಡಬೇಕಿಲ್ಲ. ಜಂಪರ್ ಹೊಲಿಯುವವರನ್ನು ಕೇಳಿದರೆ ಗುಳೇದಗುಡ್ಡ ಖಣದ (ಜಂಪರ್ ಬಟ್ಟೆಯ) ಚೂರು ಸಿಗುತ್ತವೆ. ಹಳೆ ಲಗ್ನಪತ್ರಿಕೆ, ಉಳ್ಳಾಗಡ್ಡಿ ಸಿಪ್ಪೆ, ಗೋವಿನಜೋಳದ ರವದಿ ಮನೆಯಲ್ಲೇ ಇರುತ್ತವೆ. ತಳಕ್ಕೆ ಮಿಠಾಯಿ ಡಬ್ಬಿಯ ರಟ್ಟು ಇರಲಿ. ತೆಳು ಹಾಳೆ ಅಂಟಿನ ತೇವಕ್ಕೆ ಮುದುಡುತ್ತದೆ.

ಮೊದಲು ಅಂಟು. 2 ಚಮಚ ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಅರ್ಧ ಲೋಟ ನೀರು ಬೆರೆಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಿರಿ. ಹಸಿ ಬಿಳುಪು ಹೋಗಿ ಹೊಳಪು ಬಂದಾಗ ಇಳಿಸಿ, ಪೂರ್ತಿ ಆರಿಸಿ. ನಮ್ಮ ಬೇಸಿಗೆಗೆ ಇದು ಬೇಗ ಹುಳಿಯಾಗುತ್ತದೆ. ಅಂದಿನದು ಅಂದೇ ಮಾಡಿ.

ಎರಡು–ಮೂರು ವರ್ಷದವರಿಗೆ ಕತ್ತರಿ ಬೇಡ, ಕೈಯಿಂದ ಹರಿಯಲಿ. ದಿನಪತ್ರಿಕೆ ಮೇಲಿನಿಂದ ಕೆಳಕ್ಕೆ ನೆಟ್ಟಗೆ ಸೀಳುತ್ತದೆ, ಅಡ್ಡಕ್ಕೆ ಹರಿದರೆ ಸೊಟ್ಟಸೊಟ್ಟ. ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುವುದೇ ಕಾರಣ. ಇದನ್ನು ಹೇಳಿಕೊಡಬೇಡಿ. ಎರಡೂ ಕಡೆಯಿಂದ ಹರಿಯಲು ಬಿಡಿ, ಮಗು ತಾನೇ ಕಂಡುಕೊಂಡು ಮತ್ತೆ ಮತ್ತೆ ಹರಿಯುತ್ತದೆ. ಸೊಟ್ಟ ಅಂಚಿನ ತುಂಡು ಗುಡ್ಡವಾಗಲು ತಡವಿಲ್ಲ.

ನಾಲ್ಕು ದಾಟಿದವರಿಗೆ ಮೊಂಡು ತುದಿಯ ಕತ್ತರಿ ಕೊಡಬಹುದು. ಆದರೆ ಖಣ ಕತ್ತರಿಸಿದಲ್ಲೆಲ್ಲ ಎಳೆ ಬಿಡುತ್ತದೆ. ಹಿಂದಿನ ದಿನವೇ ಬಟ್ಟೆಯ ಹಿಂಬದಿಗೆ ತೆಳುವಾಗಿ ಅಂಟು ಸವರಿ ಒಣಗಿಸಿಡಿ. ಬಿರುಸಾದ ಬಟ್ಟೆ ಎಳೆಗೈಗೂ ಸಲೀಸು. ಇಳಕಲ್ ಸೀರೆಯ ಹರಿದ ಸೆರಗು ಸಿಕ್ಕರಂತೂ ಬಿಡಬೇಡಿ. ಕೆಂಪಿನ ಮೇಲಿನ ಬಿಳಿ ಹಣಿಗೆ (ಬಾಚಣಿಗೆ ಹಲ್ಲಿನಂಥ ವಿನ್ಯಾಸ) ಮಗುವಿನ ಕೈಯಲ್ಲಿ ಬೇಲಿಯೂ ಆದೀತು, ಮೊಸಳೆಯ ಹಲ್ಲೂ ಆದೀತು.

ಅಂಟಿನ ಬಟ್ಟಲನ್ನು ಮೊದಲೇ ಮುಂದಿಡಬೇಡಿ. ತುಂಡುಗಳನ್ನು ರಟ್ಟಿನ ಮೇಲೆ ಬರಿದೇ ಜೋಡಿಸಿ, ಸರಿಸಿ, ಕೆಡಿಸಿ ಆಡಲಿ. ದೊಡ್ಡವರ ಕೈ ತುರಿಸುವುದು ಇಲ್ಲೇ: ಒಂದು ನವಿಲು ಬರೆದು, ‘ಇದರೊಳಗೆ ತುಂಬು’ ಅನ್ನುತ್ತೇವೆ. ಅದು ಬಣ್ಣ ತುಂಬುವ ಪುಸ್ತಕದ ಕೆಲಸ. 1912ರಲ್ಲಿ ಚಿತ್ರಕಾರ ಪಿಕಾಸೊ ಕುರ್ಚಿಯ ಬೆತ್ತದ ಹೆಣಿಗೆ ಅಚ್ಚಾಗಿದ್ದ ಬಟ್ಟೆಯನ್ನು ಚಿತ್ರಕ್ಕೇ ಅಂಟಿಸಿ, ಸುತ್ತ ಹಗ್ಗ ಕಟ್ಟಿದ. ಆ ಬಟ್ಟೆ ಬಟ್ಟೆಯಾಗಿಯೂ ಕಾಣುತ್ತದೆ, ಕುರ್ಚಿಯಾಗಿಯೂ ಕಾಣುತ್ತದೆ. ಮಗು ಸಿಪ್ಪೆ ತೋರಿಸಿ ‘ಮೀನು’ ಅಂದಾಗ ಮಾಡುತ್ತಿರುವುದೂ ಅದನ್ನೇ. ನೀವು ರೆಕ್ಕೆ ಬರೆಯಲು ಹೋಗದಿದ್ದರೆ ಸಾಕು.

ಜೋಡಣೆ ಒಪ್ಪಿಗೆಯಾದ ಮೇಲೆ ಒಂದೊಂದೇ ತುಂಡೆತ್ತಿ ಅಂಟಿಸಲಿ. ಉಳ್ಳಾಗಡ್ಡಿ ಸಿಪ್ಪೆ ಉಜ್ಜಿದರೆ ಪುಡಿಯಾಗುತ್ತದೆ. ಅಂಟನ್ನು ರಟ್ಟಿಗೆ ಹಚ್ಚಿ, ಸಿಪ್ಪೆಯನ್ನು ಒಣ ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಬಟ್ಟೆಗೂ ರವದಿಗೂ ಅಂಟು ದಪ್ಪಗಿರಲಿ. ಗುಂಡಿ, ಮಣಿ, ಹುಣಸೆಬೀಜವನ್ನು ಮೂರರೊಳಗಿನವರಿಗೆ ಕೊಡಲೇಬೇಡಿ. ಅದಕ್ಕಿಂತ ದೊಡ್ಡ ಮಕ್ಕಳೂ ಮೂಗಿಗೆ ತುರುಕಿಕೊಂಡಾರು, ಪಕ್ಕದಲ್ಲೇ ಕೂತಿರಿ.

ನೆರಳಲ್ಲಿ ಅರೆಬರೆ ಒಣಗಿದ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ರಾತ್ರಿಯಿಡೀ ಭಾರದ ಪುಸ್ತಕ ಹೇರಿ, ರಟ್ಟು ಬಾಗುವುದಿಲ್ಲ. ಬೆಳಿಗ್ಗೆ ತೆರೆದು ಗಾಳಿಗಿಡಿ. ಮೈದಾಗೆ ಜಿರಲೆ ಬರುವುದರಿಂದ ಪೆಟ್ಟಿಗೆಯಲ್ಲಿ ತುಂಬಿಡಬೇಡಿ. ದಾರ ಪೋಣಿಸಿ, ಮಗುವಿನ ಕಣ್ಣಳತೆಗೆ ಗೋಡೆಗೆ ತೂಗುಹಾಕಿ.