ಕೋಬಾಲ್ಟ್ ಫೆರೈಟ್–ಬೇರಿಯಂ ಟೈಟನೇಟ್ ಬಿಲ್ಲೆ ತಯಾರಿ

ಮೊದಲು ಕೋಬಾಲ್ಟ್ ಫೆರೈಟ್ ಪುಡಿ ಮಾಡಲು ಬೇಕಾದವು: ಫೆರಿಕ್ ನೈಟ್ರೇಟ್ ನೋನಾಹೈಡ್ರೇಟ್ 8.08 ಗ್ರಾಂ, ಕೋಬಾಲ್ಟ್ ನೈಟ್ರೇಟ್ ಹೆಕ್ಸಾಹೈಡ್ರೇಟ್ 2.91 ಗ್ರಾಂ, ಸಿಟ್ರಿಕ್ ಆಮ್ಲ ಮಾನೋಹೈಡ್ರೇಟ್ 6.30 ಗ್ರಾಂ. ನೈಟ್ರೇಟ್‌ಗಳು ಗಾಳಿಯ ತೇವ ಹೀರುತ್ತವೆ, ಬೇಗ ತೂಗಿ. ಇಲ್ಲಿ ತಪ್ಪಿದರೆ ಅನುಪಾತವೇ ಕೆಡುತ್ತದೆ. ಶುದ್ಧ ನೀರಿನಲ್ಲಿ ಕರಗಿಸಿ, ಅಮೋನಿಯಾ ಹನಿಸಿ ಪಿಎಚ್ 7ಕ್ಕೆ ತನ್ನಿ. 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಲಕುತ್ತ ಜೆಲ್ ಮಾಡಿ. ಇನ್ನಷ್ಟು ಕಾಯಿಸಿದರೆ ಅದು ತಾನೇ ಹೊತ್ತಿಕೊಂಡು ವಿಷಾನಿಲ ಬಿಡುತ್ತದೆ, ಆದ್ದರಿಂದ ಫ್ಯೂಮ್ ಹುಡ್ (ಅನಿಲ ಹೊರಸೆಳೆಯುವ ಗೂಡು) ಮತ್ತು ದೊಡ್ಡ ಬೀಕರ್ ಕಡ್ಡಾಯ. ಪುಡಿಯನ್ನು 800 ಡಿಗ್ರಿಯಲ್ಲಿ 4 ಗಂಟೆ ಸುಡಿ.

ಈ ಫೆರೈಟ್ 0.6 ಗ್ರಾಂ, ಬೇರಿಯಂ ಟೈಟನೇಟ್ 1.4 ಗ್ರಾಂ ಸೇರಿಸಿ ಚೆನ್ನಾಗಿ ಅರೆಯಿರಿ. ಫೆರೈಟ್ ಹೆಚ್ಚಾದರೆ ಕಣಗಳು ಒಂದಕ್ಕೊಂದು ತಾಗಿ ವಿದ್ಯುತ್ ಸೋರುತ್ತದೆ. ಆಗ ಪೋಲಿಂಗ್, ಅಂದರೆ ವಿದ್ಯುತ್ ಕ್ಷೇತ್ರ ಕೊಟ್ಟು ಟೈಟನೇಟ್‌ನ ಧ್ರುವೀಕರಣವನ್ನು ಒಂದೇ ದಿಕ್ಕಿಗೆ ತರುವುದು, ಆಗುವುದಿಲ್ಲ. ಪುಡಿ ಅಂಟಿಕೊಳ್ಳಲು ಎರಡು ಹನಿ ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್) ದ್ರಾವಣ ಬೆರೆಸಿ ಬಿಲ್ಲೆಯಾಗಿ ಒತ್ತಿ. 600 ಡಿಗ್ರಿವರೆಗೆ ನಿಮಿಷಕ್ಕೆ 2 ಡಿಗ್ರಿಯಂತೆ ಏರಿಸಿ, ಅವಸರಿಸಿದರೆ ಬಿಲ್ಲೆ ಬಿರಿಯುತ್ತದೆ. ಕೊನೆಗೆ 1150 ಡಿಗ್ರಿಯಲ್ಲಿ 4 ಗಂಟೆ ಸುಟ್ಟು, ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣ ವಿವರ್ತನೆ ಪರೀಕ್ಷೆ) ಫೆರೈಟ್ ಮತ್ತು ಟೈಟನೇಟ್ ಎಂಬ ಎರಡೇ ಸ್ಫಟಿಕ ಪ್ರಾವಸ್ಥೆಗಳಿವೆಯೇ ನೋಡಿ.